ಒಂದು ಮನೆಗೆ ಎರಡು ರೂಟರ್ ಯಾಕೆ ಸ್ವಾಮಿ?

ಇವತ್ತಿನದು ಸ್ವಲ್ಪ ಟೆಕ್ನಿಕಲ್ ವಿಷಯ. ಹಾಗಂತ ಓಡಿಹೋಗಬೇಡಿ, ಪೂರ್ತಿ ಓದಿದರೆ ನಿಮ್ಮ ಒಂದೆರಡು ಸಾವಿರ ರೂಪಾಯಿ ಉಳಿದರೂ ಉಳಿಯಬಹುದು :-)

ಮನೆಯ ಮೂಲೆಯಲ್ಲಿ ಹಸಿರು ಲೈಟು ಮಿಣುಕಿಸುತ್ತಾ ಕೂತಿರುತ್ತಲ್ಲ, ಆ ಡಬ್ಬಕ್ಕೆ ನಿಮ್ಮನೇಲಿ ಏನಂತಾರೆ? ಕೆಲವರು ರೂಟರ್ ಅಂತಾರೆ, ಕೆಲವರು ಇನ್ನೂ ಹಳೇ ಅಭ್ಯಾಸದಲ್ಲಿ ಮೋಡೆಮ್ ಅಂತಾರೆ. ಅಮ್ಮಂದಿರಿಗೆ ಅದು ಸೀದಾ 'ವೈಫೈ'. "ಗುಡುಗು ಬರ್ತಿದೆ, ವೈಫೈ ಆಫ್ ಮಾಡೋ" ಅಂತ ಅಡುಗೆಮನೆಯಿಂದಲೇ ಕೂಗು ಬರುತ್ತೆ. ಯಾವ ಹೆಸರಿನಿಂದ ಕರೆದರೂ ಅದರ ಪಾಡಿಗೆ ಅದು ಕೆಲಸ ಮಾಡುತ್ತೆ, ಹಾಗಾಗಿ ಹೆಸರಿನ ಬಗ್ಗೆ ಜಗಳ ಆಡೋದು ನನ್ನ ಉದ್ದೇಶವಲ್ಲ. ನನ್ನ ತಕರಾರು ಬೇರೆ. ಆ ಒಂದು ಡಬ್ಬದೊಳಗೆ ವೈರ್‌ಲೆಸ್ ಆಕ್ಸೆಸ್ ಪಾಯಿಂಟ್ ಮತ್ತು ರೂಟರ್ ಅನ್ನೋ ಎರಡು ಬೇರೆ ಬೇರೆ ಯಂತ್ರಗಳು ಕೂತಿವೆ. ಇವೆರಡೂ ಒಂದೇ ಅನ್ನೋ ಹಾಗೆ ಅಂಗಡಿಯವರು ನಮಗೆ ಮಾರ್ತಾ ಬಂದಿದ್ದಾರೆ. ಸಿಗ್ನಲ್ ಸಾಲದ ಮನೆಗೆ ಆಕ್ಸೆಸ್ ಪಾಯಿಂಟ್ ಬೇಕಾದಾಗ ಇನ್ನೊಂದು ರೂಟರ್ ಕೊಡ್ತಾರೆ. ನಾವು ದುಡ್ಡು ಕೊಟ್ಟು ತಲೆನೋವು ತಂದುಕೊಳ್ತೀವಿ.

ಮೊದಲು ಈ ಗೊಂದಲ ಎಲ್ಲಿಂದ ಶುರುವಾಯ್ತು ಅಂತ ನೋಡೋಣ. ವೈಫೈಗೆ ಆಧಾರವಾದ 802.11 ಅನ್ನೋ ಮಾನದಂಡ ಬಂದದ್ದು 1997ರಲ್ಲಿ. 'ವೈಫೈ' ಅನ್ನೋ ಹೆಸರು ಹುಟ್ಟಿದ್ದು 1999ರಲ್ಲಿ. ಆ ಹೊತ್ತಿನಲ್ಲಿ ಲಿಂಕ್‌ಸಿಸ್‌ನಂಥ ಕಂಪನಿಗಳು ತಂತಿಯ ರೂಟರನ್ನೇ ಬೇರೆ, ಆಕ್ಸೆಸ್ ಪಾಯಿಂಟನ್ನೇ ಬೇರೆ ಡಬ್ಬದಲ್ಲಿ ಮಾರ್ತಾ ಇದ್ದವು. 2002ರ ಡಿಸೆಂಬರಿನಲ್ಲಿ ಅದೇ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಅನ್ನೋ ನೀಲಿ-ಕಪ್ಪು ಡಬ್ಬ ಬಿಟ್ಟಿತು. ರೂಟರ್, ನಾಲ್ಕು ಪೋರ್ಟಿನ ಸ್ವಿಚ್, ಆಕ್ಸೆಸ್ ಪಾಯಿಂಟ್ ಮೂರೂ ಒಂದರಲ್ಲೇ. ಒಳಗೆ ಓಡ್ತಾ ಇದ್ದದ್ದು ಲಿನಕ್ಸ್ ಅಂತ ಗೊತ್ತಾಗಿ, ಜಿಪಿಎಲ್ ಲೈಸೆನ್ಸಿನ ಪ್ರಕಾರ 2003ರಲ್ಲಿ ಕಂಪನಿ ಅದರ ಸೋರ್ಸ್ ಕೋಡ್ ಬಿಡುಗಡೆ ಮಾಡಬೇಕಾಯ್ತು. ಅದರಿಂದ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ನನ್ನಂಥವರಿಗೆ ಅದೊಂದು ಹಬ್ಬದ ಕಥೆ, ಅದನ್ನ ಇನ್ನೊಂದು ದಿನ ಬರೀತೀನಿ. ಇಲ್ಲಿಗೆ ಬೇಕಾದ ಮಾತು ಇಷ್ಟೇ: ಇಂಥ ಡಬ್ಬಗಳು ಮನೆಮನೆಗೂ ಬಂದ ಮೇಲೆ ಮೂರು ಕೆಲಸಕ್ಕೂ ಸೇರಿ 'ವೈಫೈ ರೂಟರ್' ಅನ್ನೋ ಒಂದೇ ಹೆಸರು ಗಟ್ಟಿಯಾಯ್ತು. ಈಗ ಫೈಬರ್ ಹಾಕಿಸಿದರೆ ಕಂಪನಿಯವರು ಕೊಡೋ ಡಬ್ಬದಲ್ಲಿ ಇನ್ನೂ ಒಂದು ಕೆಲಸ ಜಾಸ್ತಿ. ಗಾಜಿನ ಎಳೆಯಲ್ಲಿ ಬರೋ ಬೆಳಕನ್ನ ವಿದ್ಯುತ್ ಸಂಕೇತಕ್ಕೆ ತಿರುಗಿಸೋದೂ ಅದೇ.

ಸರಿ, ಈ ಎರಡರ ಕೆಲಸ ಏನು?

ರೂಟರ್ ಅಂದ್ರೆ ಹಳೇ ಬೆಂಗಳೂರಿನ ವಠಾರದ ಮಾಲೀಕ ಇದ್ದ ಹಾಗೆ. ವಠಾರದಲ್ಲಿ ಎಂಟು ಮನೆ, ಆದ್ರೆ ಹೊರಗಿನ ಪೋಸ್ಟ್‌ಮ್ಯಾನಿಗೆ ಗೊತ್ತಿರೋದು ಒಂದೇ ಡೋರ್ ನಂಬರು. ಕಾಗದ ಎಲ್ಲಾ ಆ ನಂಬರಿಗೆ ಬರುತ್ತೆ, ಮಾಲೀಕ ನೋಡಿ ಇದು ಮೂರನೇ ಮನೆ ಮೇಷ್ಟ್ರಿಗೆ, ಇದು ಮಹಡಿ ಮನೆ ಹುಡುಗರಿಗೆ ಅಂತ ಹಂಚುತ್ತಾನೆ. ನಿಮ್ಮ ಮನೆಗೆ ಇಂಟರ್‌ನೆಟ್ ಕಂಪನಿ ಕೊಡೋದೂ ಸಾಮಾನ್ಯವಾಗಿ ಒಂದೇ ಐಪಿ ವಿಳಾಸ. ಮನೆಯೊಳಗಿನ ಫೋನು, ಲ್ಯಾಪ್‌ಟಾಪು, ಟೀವಿಗಳಿಗೆ ರೂಟರ್ ತಾನೇ 192.168 ಅಂತ ಶುರುವಾಗೋ ಒಳವಿಳಾಸ ಹಂಚುತ್ತೆ. ಈ ಹಂಚೋ ಕೆಲಸದ ಹೆಸರು ಡಿಎಚ್‌ಸಿಪಿ. ಒಳಗಿನಿಂದ ಹೋದ ಪ್ರತಿಯೊಂದು ಕೋರಿಕೆಯನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಉತ್ತರ ಬಂದಾಗ ಸರಿಯಾದವರಿಗೆ ಮುಟ್ಟಿಸುತ್ತೆ. ಇದು ನ್ಯಾಟ್. ಕರೀದೇ ಬಂದವರನ್ನ ಗೇಟಿನಲ್ಲೇ ತಡೆಯೋದೂ ಅದರದೇ ಕೆಲಸ. ಇಷ್ಟರಲ್ಲಿ ಎಲ್ಲೂ ರೇಡಿಯೋ ಅಲೆಯ ಮಾತೇ ಬರಲಿಲ್ಲ, ಗಮನಿಸಿ. ಆಂಟೆನಾ ಇಲ್ಲದ ರೂಟರ್ ಕೂಡ ಪೂರ್ತಿ ರೂಟರೇ.

ಆಕ್ಸೆಸ್ ಪಾಯಿಂಟ್ ಅಂದ್ರೆ ನಲ್ಲಿ ಇದ್ದ ಹಾಗೆ. ಅದಕ್ಕೆ ಯಾರ ವಿಳಾಸ ಏನು, ಹೊರಗಿನ ದಾರಿ ಯಾವುದು ಅನ್ನೋ ಗೊಡವೆ ಇಲ್ಲ. ತಂತಿಯಲ್ಲಿ ಬಂದದ್ದನ್ನ ಗಾಳಿಗೆ ಬಿಡೋದು, ಗಾಳಿಯಲ್ಲಿ ಬಂದದ್ದನ್ನ ತಂತಿಗೆ ಹಾಕೋದು. ಸೇರೋಕೆ ಬಂದ ಫೋನಿನ ಪಾಸ್‌ವರ್ಡ್ ಸರಿ ಇದೆಯಾ ನೋಡೋದು. ಅಷ್ಟೇ. ಆಕ್ಸೆಸ್ ಪಾಯಿಂಟಿಗೆ ಸೇರಿದ ಫೋನು, ಅದೇ ಮನೆಯ ನೆಟ್‌ವರ್ಕಿಗೆ ತಂತಿ ಚುಚ್ಚಿದ ಹಾಗೆ. ವಿಳಾಸ ಮಾತ್ರ ಕೆಳಗಿರೋ ಯಜಮಾನ ರೂಟರಿನಿಂದಲೇ ಬರುತ್ತೆ.

ಈಗ ಹೇಳಿ, ಮಹಡಿ ಮೇಲೆ ನೀರು ಬರ್ತಾ ಇಲ್ಲ ಅಂದ್ರೆ ಏನು ಮಾಡ್ತೀರಿ? ಪೈಪ್ ಎಳೆದು ಇನ್ನೊಂದು ನಲ್ಲಿ ಹಾಕಿಸ್ತೀರಿ. ಇನ್ನೊಂದು ಸಂಪು ತೋಡಿಸಲ್ಲ. ಆದ್ರೆ ವೈಫೈ ವಿಷಯಕ್ಕೆ ಬಂದರೆ ಎಲ್ಲರೂ ಸಂಪು ತೋಡಿಸ್ತಾ ಇದ್ದಾರೆ!

ತುಮಕೂರಿನಲ್ಲಿ ನಮ್ಮ ಚಿಕ್ಕಪ್ಪನ ಮನೆಯದು ಇದೇ ಕಥೆ. ಮೂರಂತಸ್ತಿನ ಮನೆ. ಫೈಬರ್ ಡಬ್ಬ ಕೆಳಗೆ ಹಾಲಿನಲ್ಲಿ, ತಂಗಿಯ ಓದೋ ಕೋಣೆ ಎರಡನೇ ಮಹಡಿಯಲ್ಲಿ. ಮಧ್ಯೆ ಎರಡು ಆರ್‌ಸಿಸಿ ಛಾವಣಿ. ಸಿಗ್ನಲ್ ಹೋಗೋದಾದ್ರೂ ಹೇಗೆ? ಊರಿನ ಒಂದು ಅಂಗಡಿಯವನು ನಾಲ್ಕು ಆಂಟೆನಾದ ಹೊಸ ರೂಟರ್ ಕೊಟ್ಟು, ಹುಡುಗನನ್ನ ಕಳಿಸಿ, ಕೇಬಲ್ ಎಳೆಸಿ ಮೇಲೆ ಹಾಕಿಸಿದ. ಮೇಲೆ ಸಿಗ್ನಲ್ಲಂತೂ ತುಂಬಿ ಬಂತು. ಆಮೇಲೆ ಶುರುವಾಯ್ತು ನೋಡಿ. ಮೇಲಿನಿಂದ ಕೆಳಗಿನ ಪ್ರಿಂಟರ್ ಕಾಣಲ್ಲ. ತಂಗಿಯ ಫೋನಿನ ವಿಡಿಯೋ ಹಾಲಿನ ಟೀವಿಗೆ ಹೋಗಲ್ಲ. "ನೋಡೋ, ಇಬ್ಬರೂ ಒಂದೇ ಮನೇಲಿದ್ದೀವಿ, ಒಂದೇ ಬಿಲ್ ಕಟ್ತೀವಿ, ಆದ್ರೂ ಅದು ಬೇರೆ ಊರಿನ ಹಾಗೆ ಆಡ್ತದೆ" ಅಂದ್ರು ಚಿಕ್ಕಪ್ಪ ಫೋನಿನಲ್ಲಿ.

ಚಿಕ್ಕಪ್ಪ ಬೈಯೋಕೆ ಹೇಳಿದ ಮಾತು ಅಕ್ಷರಶಃ ನಿಜ. ಮಹಡಿ ಬೇರೆ ಊರೇ ಆಗಿತ್ತು. ಹೊಸ ರೂಟರ್ ತನ್ನ ಧರ್ಮದಂತೆ ವಠಾರದ ಒಳಗೆ ಇನ್ನೊಂದು ವಠಾರ ಕಟ್ಟಿತ್ತು. ಪ್ರಿಂಟರ್, ಟೀವಿಯಂಥವು "ನಾನಿಲ್ಲಿದ್ದೀನಿ" ಅಂತ ಕೂಗಿ ಹೇಳೋದು ತಮ್ಮದೇ ನೆಟ್‌ವರ್ಕಿನ ಒಳಗೆ ಮಾತ್ರ. ಆ ಕೂಗನ್ನ ರೂಟರ್ ದಾಟಿಸೋದಿಲ್ಲ, ದಾಟಿಸಲೂಬಾರದು. ಹೊರಗೆ ಹೋಗೋ ಪ್ರತಿ ಮಾತೂ ಇಬ್ಬರು ಮಾಲೀಕರ ಪುಸ್ತಕದಲ್ಲಿ ಎರಡು ಸಲ ಬರೆಸಿಕೊಂಡು ಹೋಗಬೇಕು. ಇದಕ್ಕೆ ಡಬಲ್ ನ್ಯಾಟ್ ಅಂತಾರೆ. ಬರೀ ವೆಬ್‌ಸೈಟು, ಯೂಟ್ಯೂಬು ನೋಡೋರಿಗೆ ಇದರಿಂದ ವ್ಯತ್ಯಾಸ ಗೊತ್ತಾಗಲ್ಲ. ಹೊರಗಿನಿಂದ ಮನೆಯ ಕ್ಯಾಮೆರಾ ಡಬ್ಬಕ್ಕೆ ನೇರ ದಾರಿ ಬೇಕು ಅನ್ನೋರಿಗೆ, ಕೆಲವು ಆಟ ಆಡೋ ಹುಡುಗರಿಗೆ ಗೊತ್ತಾಗುತ್ತೆ. ಇನ್ನು ಕೆಲವು ಮನೆಗಳಲ್ಲಿ ಅಂಗಡಿ ಹುಡುಗರು ಕೇಬಲ್ಲನ್ನ ವ್ಯಾನ್ ಪೋರ್ಟಿಗೆ ಹಾಕೋ ಬದಲು ಲ್ಯಾನ್ ಪೋರ್ಟಿಗೆ ಚುಚ್ಚಿ, ಡಿಎಚ್‌ಸಿಪಿ ಆಫ್ ಮಾಡದೆ ಹೋಗಿರ್ತಾರೆ. ಆಗ ಒಂದೇ ವಠಾರಕ್ಕೆ ಇಬ್ಬರು ಮಾಲೀಕರು. ಇಬ್ಬರೂ ವಿಳಾಸ ಹಂಚುತ್ತಾರೆ. ಬೆಳಿಗ್ಗೆ ಬಂದ ನೆಟ್ ಮಧ್ಯಾಹ್ನ ಇಲ್ಲ, ಯಾಕೆ ಅಂತ ಯಾರಿಗೂ ತಿಳಿಯಲ್ಲ. ನನ್ನ ಪ್ರಕಾರ ಇದು ಅದಕ್ಕಿಂತ ಕೆಟ್ಟದ್ದು.

ತುಮಕೂರಿನ ಪರಿಹಾರ ಹತ್ತು ನಿಮಿಷದ್ದು. ಹೊಸ ಡಬ್ಬದ ಸೆಟ್ಟಿಂಗ್ಸಿನಲ್ಲಿ 'ಆಪರೇಶನ್ ಮೋಡ್' ಅಂತ ಒಂದು ಸಾಲಿತ್ತು. ಅದನ್ನ ರೂಟರಿನಿಂದ ಆಕ್ಸೆಸ್ ಪಾಯಿಂಟಿಗೆ ಬದಲಿಸಿದೆ, ಡಬ್ಬ ತಾನೇ ರೀಸ್ಟಾರ್ಟ್ ಆಯ್ತು, ಪ್ರಿಂಟರ್ ಕಾಣಿಸ್ತು. ಈಗ ಮಾರುಕಟ್ಟೆಯಲ್ಲಿರೋ ಎಷ್ಟೋ ರೂಟರುಗಳಲ್ಲಿ ಈ ಸವಲತ್ತು ಇದೆ. ಇಲ್ಲದ ಹಳೇ ಡಬ್ಬ ನಿಮ್ಮಲ್ಲಿದ್ದರೆ ಅದನ್ನೂ ಗುಜರಿಗೆ ಹಾಕಬೇಡಿ. ಅದರ ಐಪಿ ವಿಳಾಸವನ್ನ ಯಜಮಾನ ರೂಟರಿನದೇ ಸಾಲಿಗೆ, ಆದ್ರೆ ಬೇರೆ ಯಾರಿಗೂ ಸಿಗದ ಒಂದು ನಂಬರಿಗೆ ಬದಲಿಸಿ. ಡಿಎಚ್‌ಸಿಪಿ ಆಫ್ ಮಾಡಿ. ಕೇಬಲ್ಲನ್ನ ವ್ಯಾನ್ ಬಿಟ್ಟು ಲ್ಯಾನ್ ಪೋರ್ಟಿಗೆ ಹಾಕಿ. ಮುಗೀತು, ನಿಮ್ಮ ಹಳೇ ರೂಟರ್ ಇನ್ನು ಮೇಲೆ ಆಕ್ಸೆಸ್ ಪಾಯಿಂಟ್. ಎರಡೂ ಕಡೆ ವೈಫೈ ಹೆಸರು, ಪಾಸ್‌ವರ್ಡ್ ಒಂದೇ ಇಡಿ. 2.4 ಗಿಗಾಹರ್ಟ್ಸಿನಲ್ಲಿ ಒಂದಕ್ಕೆ 1ನೇ ಚಾನೆಲ್ ಕೊಟ್ಟರೆ ಇನ್ನೊಂದಕ್ಕೆ 6 ಅಥವಾ 11 ಕೊಡಿ, ಒಂದರ ಮೇಲೊಂದು ಬೀಳದೆ ಇರೋ ಚಾನೆಲ್‌ಗಳು ಅವೇ.

ಹಾಗಾದ್ರೆ ಅಂಗಡಿಯವನು ಇದನ್ನೇ ಯಾಕೆ ಮಾಡಲಿಲ್ಲ? ನನಗೆ ಅವನ ಮೇಲೆ ಸಿಟ್ಟಿಲ್ಲ. ಅವನಿಗೂ ಯಾರೂ ಹೇಳಿಕೊಟ್ಟಿಲ್ಲ. ಸಿಟ್ಟು ಬರೋದು ಡಬ್ಬದ ಮೇಲಿನ ಬರಹ ನೋಡಿದಾಗ. ದೊಡ್ಡ ಅಕ್ಷರದಲ್ಲಿ 'ಎಸಿ1200' ಅಂತ ಇರುತ್ತೆ. ಅದು 2.4 ಗಿಗಾಹರ್ಟ್ಸಿನ 300 ಮತ್ತು 5 ಗಿಗಾಹರ್ಟ್ಸಿನ 867 ಮೆಗಾಬಿಟ್ ಕೂಡಿಸಿ, ಮೇಲೆ ರೌಂಡ್ ಮಾಡಿ ಬರೆದ ಲೆಕ್ಕ. ಒಂದು ಫೋನು ಒಂದು ಹೊತ್ತಿಗೆ ಒಂದು ಬ್ಯಾಂಡಿನಲ್ಲಿರುತ್ತೆ, ಹಾಗಾಗಿ ಆ 1200 ಅದಕ್ಕೆ ಸಿಗೋದೇ ಇಲ್ಲ. ಮೇಲಾಗಿ ಅದು ಕಾಗದದ ಮೇಲಿನ ವೇಗ. ಆಂಟೆನಾದ ಚಿತ್ರ ದೊಡ್ಡದಾಗಿ ಹಾಕಿರ್ತಾರೆ, 'ಇಡೀ ಮನೆಗೆ ಸಾಕು' ಅಂತ ಬರೆದಿರ್ತಾರೆ. ಯಾರ ಮನೆ, ಎಂಥ ಗೋಡೆ? ಮಲೆನಾಡಿನ ದಪ್ಪ ಮಣ್ಣಿನ ಗೋಡೆಯ ಮನೆಗೂ, ಬೆಂಗಳೂರಿನ ಎರಡು ಕೋಣೆಯ ಫ್ಲಾಟಿಗೂ ಒಂದೇ ಮಾತು. "ಇದನ್ನ ಆಕ್ಸೆಸ್ ಪಾಯಿಂಟ್ ಆಗಿಯೂ ಬಳಸಬಹುದು" ಅನ್ನೋ ಉಪಯೋಗದ ಮಾತು ಮಾತ್ರ ಒಳಗಿನ ಪುಸ್ತಕದ ಯಾವುದೋ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಆಂಟೆನಾ ಜಾಸ್ತಿ ಇದ್ದರೆ ದೂರ ಹೋಗುತ್ತೆ ಅನ್ನೋ ನಂಬಿಕೆಯನ್ನೂ ಸ್ವಲ್ಪ ಬಿಚ್ಚಿ ನೋಡೋಣ. ವೈಫೈ ಎರಡೂ ಕಡೆಯ ಮಾತುಕತೆ. ರೂಟರ್ ಜೋರಾಗಿ ಕೂಗಿದರೆ ಮಹಡಿಯ ಫೋನಿಗೆ ಕೇಳಿಸುತ್ತೆ, ಫೋನಿನಲ್ಲಿ ಕಡ್ಡಿಗಳೂ ತುಂಬಿ ಕಾಣ್ತವೆ. ಆದ್ರೆ ಫೋನಿನ ಪುಟ್ಟ ಬ್ಯಾಟರಿಯ ಸಣ್ಣ ದನಿ ವಾಪಸ್ ರೂಟರಿಗೆ ಕೇಳಿಸಬೇಕಲ್ಲ! "ಸಿಗ್ನಲ್ ಫುಲ್ ಇದೆ, ನೆಟ್ ಓಡ್ತಿಲ್ಲ" ಅನ್ನೋ ದೂರಿಗೆ ಎಷ್ಟೋ ಸಲ ಇದೇ ಕಾರಣ. ಅದಕ್ಕೇ ಆಫೀಸುಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಯಾರೂ ಒಂದೇ ದೈತ್ಯ ರೂಟರ್ ಇಡಲ್ಲ. ಸೀಲಿಂಗಿನಲ್ಲಿ ಅಲ್ಲಲ್ಲಿ ಬಿಳಿ ತಟ್ಟೆಯಂಥದ್ದು ಅಂಟಿಕೊಂಡಿರೋದನ್ನ ನೋಡಿರ್ತೀರಿ. ಅವೆಲ್ಲ ಆಕ್ಸೆಸ್ ಪಾಯಿಂಟುಗಳು, ಪ್ರತಿಯೊಂದೂ ಮೆಲ್ಲಗೆ ಮಾತಾಡ್ತವೆ, ಹತ್ತಿರದವರಿಗೆ ಮಾತ್ರ. ಒಂದೇ ಕೇಬಲ್ಲಿನಲ್ಲಿ ಡೇಟಾ, ಕರೆಂಟು ಎರಡೂ ಹೋಗುತ್ತೆ. ಆ ಮಾನದಂಡ 2003ರಿಂದಲೇ ಇದೆ. ನೂರು ಮೀಟರ್ ತನಕ ಎಳೆಯಬಹುದು, ಪಕ್ಕದಲ್ಲಿ ಪ್ಲಗ್ ಪಾಯಿಂಟ್ ಕೂಡ ಬೇಡ. ರೂಟರ್ ಎಲ್ಲೋ ಒಂದು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತೆ.

"ಎಲ್ಲಾ ಸರಿ ಮಾರಾಯ, ಈಗ ಮೆಶ್ ಬಂದಿದೆ, ರಿಪೀಟರ್ ಬಂದಿದೆ, ಇದೆಲ್ಲ ಯಾಕೆ ತಿಳ್ಕೋಬೇಕು?" ಅಂತ ನಮ್ಮ ಟೀಮಿನ ಗೆಳೆಯನೊಬ್ಬನ ವಾದ. ಅರ್ಧ ಒಪ್ಪುತ್ತೇನೆ. ಮೆಶ್ ಅಂದ್ರೆ ಒಂದು ರೂಟರ್, ಮಿಕ್ಕವು ಆಕ್ಸೆಸ್ ಪಾಯಿಂಟುಗಳು. ಅಂದ್ರೆ ಸರಿಯಾದ ವ್ಯವಸ್ಥೆಯನ್ನೇ ಚೆಂದದ ಪೊಟ್ಟಣದಲ್ಲಿ ಕೊಡ್ತಾರೆ. ಮನೆಯಲ್ಲಿ ಕೇಬಲ್ ಎಳೆಯೋಕೆ ಸಾಧ್ಯವೇ ಇಲ್ಲ ಅನ್ನೋರಿಗೆ ಒಳ್ಳೇದು. ಆದ್ರೆ ಒಂದು ಕೊಕ್ಕೆ ಇದೆ. ಕಂಪನಿಯ ಫೈಬರ್ ಡಬ್ಬ ಆಗಲೇ ರೂಟರ್ ಆಗಿರುತ್ತೆ, ಅದರ ಹಿಂದೆ ಮೆಶ್ ಹಾಕಿದರೆ ಮತ್ತೆ ಇಬ್ಬರು ಮಾಲೀಕರು! ಒಂದೋ ಫೈಬರ್ ಡಬ್ಬವನ್ನ ಬ್ರಿಡ್ಜ್ ಮೋಡಿಗೆ ಹಾಕಿಸಬೇಕು, ಇಲ್ಲಾ ಮೆಶ್ಶನ್ನ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಬೇಕು. ಯಾವುದು ಏನು ಅಂತ ತಿಳಿಯದೆ ಇಲ್ಲೂ ಬಿಡುಗಡೆ ಇಲ್ಲ. ಇನ್ನು ಅಗ್ಗದ ರಿಪೀಟರ್ ವಿಷಯ. ಗಾಳಿಯಲ್ಲಿ ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ರಿಪೀಟರ್ ಕೇಳಿಸಿಕೊಂಡದ್ದನ್ನೇ ಅದೇ ಚಾನೆಲ್ಲಿನಲ್ಲಿ ಇನ್ನೊಮ್ಮೆ ಹೇಳುತ್ತೆ, ಹಾಗಾಗಿ ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ. ತಂತಿ ಎಳೆಯೋಕೆ ಆದರೆ ತಂತಿಯನ್ನೇ ಎಳೆಯಿರಿ. ಅದರಷ್ಟು ನೆಮ್ಮದಿ ಯಾವುದರಲ್ಲೂ ಇಲ್ಲ.

ಎರಡು ರೂಟರ್ ಯಾವತ್ತೂ ತಪ್ಪು ಅಂತಲೂ ನಾನು ಹೇಳಲ್ಲ. ಮಹಡಿಯಲ್ಲಿ ಬಾಡಿಗೆಗೆ ಹುಡುಗರನ್ನ ಇಟ್ಟಿದ್ದೀರಿ, ನೆಟ್ ಹಂಚಿಕೊಳ್ತೀರಿ, ಆದ್ರೆ ನಿಮ್ಮ ಪ್ರಿಂಟರು, ಕ್ಯಾಮೆರಾ ಅವರಿಗೆ ಕಾಣಬಾರದು. ಆಗ ಗೋಡೆ ಬೇಕೇ ಬೇಕು. ಅಂಥ ಕಡೆ ಬಾಡಿಗೆಯವರ ರೂಟರ್ ನಿಮ್ಮದರ ಹಿಂದೆ ಇದ್ದರೆ ಸಾಲದು, ಒಳಗಿನ ರೂಟರಿನಿಂದ ಹೊರಗಿನದಕ್ಕೆ ದಾರಿ ತೆರೆದೇ ಇರುತ್ತೆ. ಅವರನ್ನ ಗೆಸ್ಟ್ ನೆಟ್‌ವರ್ಕಿಗೆ ಹಾಕಿ, ಅಥವಾ ನಿಮ್ಮ ಸಾಮಾನನ್ನೇ ಒಳಗಿನ ರೂಟರಿನ ಹಿಂದೆ ಇಡಿ. ಬೇಕು ಅಂತ ಗೋಡೆ ಕಟ್ಟೋದು ಬೇರೆ, ಗೊತ್ತಿಲ್ಲದೆ ಗೋಡೆ ಎದ್ದು ನಿಲ್ಲೋದು ಬೇರೆ.

ಇದು ಬರೀ ಪ್ರಿಂಟರ್ ಕಾಣದ ತಾಪತ್ರಯ ಅಷ್ಟೇ ಆಗಿದ್ರೆ ಇಷ್ಟುದ್ದ ಬರೀತಿರಲಿಲ್ಲ. ರೂಟರ್ ಅಂದ್ರೆ ಸದಾ ಎಚ್ಚರವಾಗಿರೋ ಒಂದು ಪುಟ್ಟ ಕಂಪ್ಯೂಟರ್, ಅದೂ ಬೀದಿಗೆ ಮುಖ ಮಾಡಿ ಕೂತಿರೋದು. ಅದಕ್ಕೆ ಪಾಸ್‌ವರ್ಡ್ ಬದಲಿಸಬೇಕು, ಫರ್ಮ್‌ವೇರ್ ಅಪ್‌ಡೇಟ್ ಮಾಡಬೇಕು. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಕ್ಯಾಮೆರಾ, ರೂಟರುಗಳ ದಂಡು ಕಟ್ಟಿತು. ಅಕ್ಟೋಬರ್ 21ರಂದು ಅಂಥ ದಂಡು ಡೈನ್ ಕಂಪನಿಯ ಮೇಲೆ ಬಿದ್ದಾಗ ಅಮೆರಿಕದಲ್ಲಿ ಟ್ವಿಟರಿನಂಥ ದೊಡ್ಡ ದೊಡ್ಡ ಸೈಟುಗಳೇ ತೆರೆಯಲಿಲ್ಲ. ನಮ್ಮಲ್ಲೂ 2017ರ ಜುಲೈನಲ್ಲಿ ಮಾಲ್‌ವೇರ್ ಹೊಡೆತಕ್ಕೆ ಬಿಎಸ್‌ಎನ್‌ಎಲ್ ಗ್ರಾಹಕರ ಮೋಡೆಮ್‌ಗಳು ಕೆಟ್ಟು, ಪಾಸ್‌ವರ್ಡ್ ಬದಲಿಸಿಕೊಳ್ಳಿ ಅಂತ ಸಂಸ್ಥೆ ಹೇಳಬೇಕಾಯ್ತು. ಒಂದು ರೂಟರನ್ನೇ ನೆಟ್ಟಗೆ ನೋಡಿಕೊಳ್ಳೋಕೆ ನಮಗೆ ಪುರುಸೊತ್ತಿಲ್ಲ. ಅಂಥದ್ದರಲ್ಲಿ ಯಾವುದು ಬಾಗಿಲು ಕಾಯ್ತಿದೆ, ಯಾವುದು ಸುಮ್ಮನೆ ನಲ್ಲಿ ಅಂತ ಮನೆಯವರಿಗೇ ಗೊತ್ತಿಲ್ಲದಿದ್ದರೆ ಯಾವುದನ್ನ ಕಾಯಬೇಕು ಅಂತ ಗೊತ್ತಾಗೋದು ಹೇಗೆ? (ಹಾಗಂತ ಆಕ್ಸೆಸ್ ಪಾಯಿಂಟಿನ ಪಾಸ್‌ವರ್ಡ್ 'ಅಡ್ಮಿನ್' ಅಂತಲೇ ಬಿಡಬೇಡಿ ಮತ್ತೆ!)

ಮನೆ ದಾಟಿ ನೋಡಿದರೂ ಇದೇ ಮಾತು. ಊರಿನ ಶಾಲೆಗೆ ಹಳೇ ವಿದ್ಯಾರ್ಥಿಗಳು ಸೇರಿ ವೈಫೈ ಹಾಕಿಸಿಕೊಡೋದು ಒಳ್ಳೇ ಕೆಲಸ. ಆದ್ರೆ ಮನೆಗೆ ಅಂತ ಮಾಡಿದ ಒಂದು ಡಬ್ಬವನ್ನ ಹೆಡ್‌ಮಾಸ್ಟರ್ ಕೋಣೆಯಲ್ಲಿಟ್ಟು, ನಲವತ್ತು ಮಕ್ಕಳ ಲ್ಯಾಬಿಗೂ ಅದೇ ಸಾಕು ಅಂದುಕೊಂಡರೆ ಆರು ತಿಂಗಳಲ್ಲಿ ಅದು ಮೂಲೆ ಸೇರುತ್ತೆ. "ನಮ್ಮೂರಿಗೆ ಇದೆಲ್ಲ ಆಗಿಬರಲ್ಲ" ಅನ್ನೋ ಮಾತು ಬೇರೆ ಉಳಿಯುತ್ತೆ. ರೂಟರ್ ಒಂದೇ ಇರಲಿ, ಲ್ಯಾಬಿಗೊಂದು, ಲೈಬ್ರರಿಗೊಂದು ಆಕ್ಸೆಸ್ ಪಾಯಿಂಟ್ ಇರಲಿ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಬೀದಿಯ ಕಿರಾಣಿ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು. ಅಂದ್ರೆ ಟೀ ಅಂಗಡಿಯವರೂ ಆಕ್ಸೆಸ್ ಪಾಯಿಂಟ್ ಕೊಳ್ಳೋ ಕಾಲ ಇದು. ಅವರಿಗೆ ಇದನ್ನ ಯಾವ ಭಾಷೆಯಲ್ಲಿ ಹೇಳ್ತೀರಿ?

ನಾನು ಹೇಳಬೇಕು ಅಂದುಕೊಂಡಿದ್ದ ಮುಖ್ಯ ಮಾತು ಇಲ್ಲಿಗೆ ಬಂತು. ಕನ್ನಡದಲ್ಲಿ ತಂತ್ರಜ್ಞಾನ ಅಂದ ಕೂಡಲೇ ನಾವು ಪದ ಹುಟ್ಟಿಸೋಕೆ ಕೂರ್ತೀವಿ. ರೂಟರಿಗೆ ಸಂಸ್ಕೃತದಲ್ಲಿ ಏನು, ಅಚ್ಚಗನ್ನಡದಲ್ಲಿ ಏನು, ಆಕ್ಸೆಸ್ ಪಾಯಿಂಟಿಗೆ 'ನಿಸ್ತಂತು ಪ್ರವೇಶ ಬಿಂದು' ಅಂದರೆ ಹೇಗೆ ಅಂತ ವಾರಗಟ್ಟಲೆ ಜಗಳ. ಪದ ಬೇಡ ಅನ್ನಲ್ಲ. ಆದ್ರೆ ತುಮಕೂರಿನ ಚಿಕ್ಕಪ್ಪನಿಗೆ 'ಪ್ರವೇಶ ಬಿಂದು' ಅಂದಿದ್ರೂ ತಿಳೀತಿರಲಿಲ್ಲ, ಇಂಗ್ಲಿಷಿನಲ್ಲಿ ಹೇಳಿದಾಗಲೂ ತಿಳಿದಿರಲಿಲ್ಲ. ವಠಾರ, ನಲ್ಲಿ ಅಂದಾಗ ಅವರೇ "ಓ, ಹಂಗಾದ್ರೆ ಮೇಲಿನದು ಹಂಚಬಾರದು, ಸುಮ್ನೆ ದಾಟಿಸ್ಬೇಕು" ಅಂದ್ರು. ರೂಟರ್ ಅನ್ನೋ ಪದ ಹಾಗೇ ಇರಲಿ ಬಿಡಿ, ಬಸ್ಸು ಕಾರು ಇದ್ದ ಹಾಗೆ. ಅದು ಏನು ಮಾಡುತ್ತೆ ಅನ್ನೋದನ್ನ ಕನ್ನಡದಲ್ಲಿ ಹೇಳೋರು ಬೇಕು. ಕಂಪನಿಗಳು ಡಬ್ಬದ ಮೇಲೆ ಎರಡು ಸಾಲು ಕನ್ನಡ ಹಾಕೋ ತನಕ ಆ ಕೆಲಸ ನಮ್ಮ ನಿಮ್ಮಂಥವರದ್ದೇ.

ಸದ್ಯಕ್ಕೆ, ಅಂಗಡಿಗೆ ಹೋಗೋ ಮುಂಚೆ ಮೂರು ಪ್ರಶ್ನೆ ಜೇಬಿನಲ್ಲಿಟ್ಟುಕೊಳ್ಳಿ:

1. ಮನೆಯಲ್ಲಿ ಆಗಲೇ ಒಂದು ರೂಟರ್ ಇದೆಯಾ? (ಫೈಬರ್ ಇದ್ದರೆ ಬಹುಪಾಲು ಇದ್ದೇ ಇರುತ್ತೆ.) ಇದ್ದರೆ ನಿಮಗೆ ಬೇಕಾದ್ದು ಆಕ್ಸೆಸ್ ಪಾಯಿಂಟ್.

2. ಕೊಡ್ತಿರೋ ಡಬ್ಬಕ್ಕೆ ಆಕ್ಸೆಸ್ ಪಾಯಿಂಟ್ ಮೋಡ್ ಇದೆಯಾ? "ಇದೆ" ಅಂದರೆ ಎಲ್ಲಿ ಬರೆದಿದೆ ತೋರಿಸಿ ಅನ್ನಿ.

3. ಕೇಬಲ್ ಎಳೆಯೋಕೆ ದಾರಿ ಇದೆಯಾ? ಹೊಸ ಮನೆ ಕಟ್ಟಿಸ್ತಾ ಇದ್ದರೆ ಪ್ಲಾಸ್ಟರಿಂಗ್ ಆಗೋ ಮುಂಚೆಯೇ ಪ್ರತಿ ಮಹಡಿಗೂ ಒಂದು ಖಾಲಿ ಪೈಪ್ ಹಾಕಿಸಿಬಿಡಿ. ಗೋಡೆ ಒಡೆಸೋ ಖರ್ಚಿನ ಮುಂದೆ ಅದು ಏನೇನೂ ಅಲ್ಲ.

ಹಳೇ ರೂಟರ್ ಅಟ್ಟದ ಮೇಲಿದ್ದರೆ ಈ ಭಾನುವಾರ ಇಳಿಸಿ, ಧೂಳು ಕೊಡವಿ, ಪ್ರಯತ್ನ ಮಾಡಿ ನೋಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಮಾಡೆಲ್ ನಂಬರ್ ಸಮೇತ ಕೇಳಿ, ಗೊತ್ತಿದ್ದಷ್ಟು ಹೇಳ್ತೀನಿ. ನಲ್ಲಿಗಿಂತ ಒಳ್ಳೇ ಹೋಲಿಕೆ ನಿಮಗೆ ಹೊಳೆದರೆ ಅದನ್ನೂ ಹೇಳಿ, ಮುಂದಿನ ಸಲ ಚಿಕ್ಕಪ್ಪನ ಮೇಲೆ ಪ್ರಯೋಗ ಮಾಡೋಣ :-)